ಜನ ಕಡಿಮೆಯಾದರು, ಬಾಡಿಗೆ ಹಾಗೇ ಇದೆ: ಕಾರವಾರ, ಶಿರಸಿ ಕಡೆ ಅಲ್ಪಾವಧಿಗೆ ಆಫೀಸು ಜಾಗ ಹಿಡಿಯುವ ಕ್ರಮ

"ನಲವತ್ತು ಜನ ಕೂರುತ್ತಿದ್ದ ಆಫೀಸಿನಲ್ಲಿ ಈಗ ಹದಿಮೂರು ಜನ ಇದ್ದೇವೆ. ಬಾಡಿಗೆ ಮಾತ್ರ ನಲವತ್ತು ಜನರದ್ದೇ ಹೋಗುತ್ತಿದೆ. ಆರು ತಿಂಗಳಿಗೋ ವರ್ಷಕ್ಕೋ ಸಣ್ಣ ಜಾಗ ಎಲ್ಲಿ ಸಿಗುತ್ತದೆ, ಹೇಗೆ ಹಿಡಿಯಬೇಕು?" ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯ ಓದುಗರು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿರುವುದು ಇದನ್ನೇ. ಕಾಮಗಾರಿಯ ಒಂದು ಹಂತ ಮುಗಿದು ಸೈಟ್ ಆಫೀಸು ಬರಿದಾದ ಗುತ್ತಿಗೆದಾರರು ಕೇಳುತ್ತಾರೆ, ಬೆಂಗಳೂರಿನ ಕಂಪನಿಗೆ ಇಲ್ಲಿಂದ ಕೆಲಸ ಮಾಡಿಕೊಡುವ ಸಾಫ್ಟ್‌ವೇರ್ ತಂಡದವರು ಕೇಳುತ್ತಾರೆ, ಶಾಖೆಗಳನ್ನು ಒಗ್ಗೂಡಿಸುತ್ತಿರುವ ವಿಮೆ ಮತ್ತು ಸಾಲ ಸಂಸ್ಥೆಯವರೂ ಕೇಳುತ್ತಾರೆ.

ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ. ಬೆಂಗಳೂರಿನಲ್ಲಿ ಇಂಥ ಜಾಗ ಸಿದ್ಧವಾಗಿ ಸಿಗುತ್ತದೆ. ದುಡ್ಡು ಕಟ್ಟಿ ಸೋಮವಾರ ಹೋಗಿ ಕೂರಬಹುದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅಂಥ ವ್ಯವಸ್ಥೆ ಬಲು ವಿರಳ. ಇಲ್ಲಿ ನೀವು ಸಾಮಾನ್ಯ ಕಟ್ಟಡವೊಂದನ್ನು ಹಿಡಿದು, ಕಟ್ಟಡದ ಮಾಲಕರ ಜೊತೆ ಮಾತಾಡಿ, ಕರಾರಿನ ಮೂಲಕವೇ ಅದನ್ನು ಅಲ್ಪಾವಧಿಯ ಜಾಗವನ್ನಾಗಿ ಮಾಡಿಕೊಳ್ಳಬೇಕು. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಹಳೆ ಕರಾರಿನಿಂದ ಬಿಡಿಸಿಕೊಳ್ಳುವುದಕ್ಕೆ ಮತ್ತು ಹೊಸ ಕರಾರಿನಲ್ಲಿ ಹೊರಬರುವ ದಾರಿ ಇಟ್ಟುಕೊಳ್ಳುವುದಕ್ಕೆ ಹೋಗಿದೆ. ಜಾಗ ಹುಡುಕುವುದು ಅದರ ನಂತರದ ಕೆಲಸ.

ಕಿವಿಗೆ ಬೀಳುವ ಕೆಲವು ಪದಗಳು

ಕೋವರ್ಕಿಂಗ್ ಎಂದರೆ ಹಲವು ಕಂಪನಿಗಳವರು ಒಂದೇ ಹಾಲಿನಲ್ಲಿ ಕೂತು ಕೆಲಸ ಮಾಡುವ ಜಾಗ. ಬಾಡಿಗೆ ಚದರಡಿಗಲ್ಲ, ಕುರ್ಚಿಗೆ. ಅದರಲ್ಲಿ ಹಾಟ್ ಡೆಸ್ಕ್ ಅಂದರೆ ಅಂದು ಖಾಲಿ ಇದ್ದ ಮೇಜಿನಲ್ಲಿ ಕೂರುವುದು, ಡೆಡಿಕೇಟೆಡ್ ಡೆಸ್ಕ್ ಅಂದರೆ ನಿಮಗೇ ಮೀಸಲಾದ ಮೇಜು. ಮ್ಯಾನೇಜ್ಡ್ ಆಫೀಸು ಎಂದರೆ ಬಾಗಿಲು ಬೀಗ ಇರುವ ಪ್ರತ್ಯೇಕ ಕೋಣೆ, ಆದರೆ ಕರೆಂಟು, ಇಂಟರ್ನೆಟ್ಟು, ಕಸ ಗುಡಿಸುವುದು ಎಲ್ಲ ಒಂದೇ ಬಿಲ್ಲಿನಲ್ಲಿ. ವರ್ಚುವಲ್ ಆಫೀಸಿನಲ್ಲಿ ಕೂರಲು ಜಾಗವೇ ಇರುವುದಿಲ್ಲ, ವಿಳಾಸ ಮತ್ತು ಟಪಾಲು ತೆಗೆದುಕೊಳ್ಳುವ ವ್ಯವಸ್ಥೆ ಮಾತ್ರ. ಸಬ್‌ಲೀಸ್ ಎಂದರೆ ಬಾಡಿಗೆದಾರರೇ ತಾವು ಹಿಡಿದ ಜಾಗದ ಒಂದು ಭಾಗವನ್ನು ಇನ್ನೊಬ್ಬರಿಗೆ ಬಾಡಿಗೆಗೆ ಕೊಡುವುದು. ಲಾಕ್-ಇನ್ ಎಂದರೆ ಖಾಲಿ ಮಾಡಿದರೂ ಬಾಡಿಗೆ ಕಟ್ಟಲೇಬೇಕಾದ ಕನಿಷ್ಠ ಅವಧಿ. ಈ ಕೊನೆಯ ಪದವೇ ನಿಮ್ಮ ಜೇಬಿಗೆ ಹೆಚ್ಚು ಹತ್ತಿರ.

ಹಂತ 1: ಕುರ್ಚಿ ಎಷ್ಟು ಬೇಕು ಎಂದು ಎಣಿಸಿ

ಸಂಬಳದ ಪಟ್ಟಿ ನೋಡಿ ಕುರ್ಚಿ ಲೆಕ್ಕ ಹಾಕಬೇಡಿ. ನಾಲ್ಕು ವಾರಗಳ ಹಾಜರಿ ತೆಗೆದು, ಒಂದೇ ದಿನ ಅತಿ ಹೆಚ್ಚು ಎಂದರೆ ಎಷ್ಟು ಜನ ಆಫೀಸಿಗೆ ಬಂದಿದ್ದಾರೆ ನೋಡಿ. ಸೈಟಿನಲ್ಲಿರುವ ಎಂಜಿನಿಯರು, ವಸೂಲಿಗೆ ಹಳ್ಳಿ ಸುತ್ತುವವರು, ವಾರಕ್ಕೆರಡು ದಿನ ಮನೆಯಿಂದಲೇ ಕೆಲಸ ಮಾಡುವವರು, ಇವರಿಗೆಲ್ಲ ದಿನವೂ ಒಂದೊಂದು ಕುರ್ಚಿ ಬೇಕಿಲ್ಲ. ಹದಿಮೂರು ಜನರಿರುವ ತಂಡಕ್ಕೆ ಒಂಬತ್ತು ಕುರ್ಚಿ ಸಾಕಾಗುವುದು ಅಪರೂಪವೇನಲ್ಲ.

ಜೊತೆಗೇ ಇನ್ನೊಂದು ಪಟ್ಟಿ ಮಾಡಿ: ಯಾರು ಎಲ್ಲಿಂದ ಬರುತ್ತಾರೆ, ಯಾವ ಬಸ್ಸಿಗೆ. ಇದನ್ನು ಬಿಡಬೇಡಿ ಎಂದು ಒತ್ತಿ ಹೇಳುತ್ತೇನೆ. ಬಾಡಿಗೆ ಅಗ್ಗವೆಂದು ಕಾರವಾರದ ಆಫೀಸನ್ನು ಅಂಕೋಲೆಗೆ ಒಯ್ದರೆ, ಮಾಜಾಳಿ ಅಥವಾ ಸದಾಶಿವಗಡದಿಂದ ಕಾಳಿ ನದಿ ದಾಟಿ ಬರುವವರಿಗೆ ಎರಡನೇ ಬಸ್ಸು ಸೇರಿಕೊಳ್ಳುತ್ತದೆ. ಸಂಜೆ ಮನೆ ಮುಟ್ಟುವಾಗ ಕತ್ತಲಾಗುತ್ತದೆ. ಈಗಾಗಲೇ ಸಹೋದ್ಯೋಗಿಗಳನ್ನು ಕಳೆದುಕೊಂಡ ತಂಡ ಅದು. ಉಳಿದವರನ್ನು ಉಳಿಸಿಕೊಳ್ಳಬೇಕೆಂದರೆ ಜಾಗದ ಆಯ್ಕೆಯಲ್ಲಿ ಅವರ ಮಾತಿಗೂ ತೂಕ ಇರಬೇಕು.

ಹಂತ 2: ಹಳೆ ಕರಾರನ್ನು ಪೂರ್ತಿ ಓದಿ, ಲೆಕ್ಕ ಹಾಕಿ

ಪೆಟ್ಟಿಗೆಯಿಂದ ಕರಾರು ಪತ್ರ ಹೊರತೆಗೆದು ನಾಲ್ಕು ವಿಷಯ ಬರೆದುಕೊಳ್ಳಿ: ಲಾಕ್-ಇನ್ ಮುಗಿಯುವ ದಿನ, ನೋಟಿಸು ಎಷ್ಟು ಮುಂಚೆ ಕೊಡಬೇಕು, ಡಿಪಾಸಿಟ್ಟು ಯಾವಾಗ ವಾಪಸು, ಬಿಡುವಾಗ ಜಾಗವನ್ನು ಯಾವ ಸ್ಥಿತಿಯಲ್ಲಿ ಒಪ್ಪಿಸಬೇಕು. ನೀವೇ ಹಾಕಿಸಿದ ಗಾಜಿನ ಗೋಡೆ, ಫಾಲ್ಸ್ ಸೀಲಿಂಗು, ವೈರಿಂಗು ಕಿತ್ತು ಮೊದಲಿನಂತೆ ಮಾಡಿಕೊಡಬೇಕೆಂಬ ಷರತ್ತು ಹಲವು ಕರಾರುಗಳಲ್ಲಿ ಕೊನೆಯ ಪುಟದಲ್ಲಿರುತ್ತದೆ, ಅದರ ಖರ್ಚು ಕಡಿಮೆಯದಲ್ಲ.

ಬರವಣಿಗೆಯ ಕರಾರೇ ಇಲ್ಲ, ಬಾಯಿಮಾತಿನ ಮೇಲೆ ಕೂತಿದ್ದೀರಿ ಎಂದಾದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಅನ್ವಯಿಸುತ್ತದೆ. ಕೃಷಿ ಅಥವಾ ತಯಾರಿಕೆ ಅಲ್ಲದ ಬಳಕೆಗೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ. 15 ದಿನಗಳ ಲಿಖಿತ ನೋಟಿಸಿನಿಂದ ಎರಡೂ ಕಡೆಯವರು ಮುಗಿಸಬಹುದು. ನಮ್ಮ ಕಡೆ ವಿಶ್ವಾಸದ ಮೇಲೆ ನಡೆಯುವ ಬಾಡಿಗೆಗಳು ಬಹಳ, ಹಾಗಾಗಿ ಇದು ತಿಳಿದಿರಲಿ.

ಈಗ ಲೆಕ್ಕ. ಕೆಳಗಿನ ಅಂಕಿಗಳು ವಿಧಾನ ತೋರಿಸಲು ಹಿಡಿದದ್ದು, ನಿಮ್ಮವನ್ನು ಹಾಕಿಕೊಳ್ಳಿ. ಜಿಎಸ್‌ಟಿಯನ್ನು ಎರಡೂ ಕಡೆ ಬಿಟ್ಟಿದ್ದೇನೆ.

ಹಳೆ ಆಫೀಸಿನ ಬಾಡಿಗೆ ತಿಂಗಳಿಗೆ 90,000. ನಿರ್ವಹಣೆ, ಕರೆಂಟು, ಇಂಟರ್ನೆಟ್ಟು, ಸ್ವಚ್ಛತೆ ಸೇರಿ ಇನ್ನು 40,000. ಒಟ್ಟು 1,30,000 ರೂಪಾಯಿ. ನಲವತ್ತು ಜನರಿದ್ದಾಗ ತಲೆಗೆ 3,250 ಬೀಳುತ್ತಿತ್ತು, ಹದಿಮೂರು ಜನರಿಗೆ 10,000 ಬೀಳುತ್ತಿದೆ. ಹೊಸ ಜಾಗದಲ್ಲಿ ಎಲ್ಲ ಸೇರಿ ಕುರ್ಚಿಗೆ 6,000 ಎಂದರೆ ತಿಂಗಳಿಗೆ 78,000. ಲಾಕ್-ಇನ್ ಇನ್ನೂ ಏಳು ತಿಂಗಳಿದೆ. ಸಾಗಾಟ ಮತ್ತು ಹಳೆ ಜಾಗವನ್ನು ಸರಿಪಡಿಸಿ ಒಪ್ಪಿಸುವ ಖರ್ಚು 1,20,000.

ಏಳು ತಿಂಗಳು ಅಲ್ಲೇ ಕೂತರೆ 9,10,000, ಮೇಲೆ ಬಿಡುವಾಗಿನ 1,20,000, ಒಟ್ಟು 10,30,000. ಈಗಲೇ ಹೊರಟರೆ ಹೊಸ ಜಾಗಕ್ಕೆ ಏಳು ತಿಂಗಳಿಗೆ 5,46,000, ಮೇಲೆ ಅದೇ 1,20,000, ಒಟ್ಟು 6,66,000. ವ್ಯತ್ಯಾಸ 3,64,000. ಅಂದರೆ ಹಳೆ ಮಾಲಕರಿಗೆ ಸುಮಾರು ನಾಲ್ಕು ತಿಂಗಳ ಬಾಡಿಗೆ ಪರಿಹಾರವಾಗಿ ಕೊಟ್ಟು ಬಿಡಿಸಿಕೊಂಡರೂ ನಷ್ಟವಿಲ್ಲ. ಮೂರು ತಿಂಗಳಿಗೆ ಒಪ್ಪಿಸಿದರೆ 94,000 ಉಳಿಯುತ್ತದೆ. ಏಳೂ ತಿಂಗಳ ಬಾಡಿಗೆ ಬೇಕೇ ಬೇಕು ಎಂದು ಅವರು ಪಟ್ಟು ಹಿಡಿದರೆ ಈಗ ಹೊರಡುವುದು 2,66,000 ರೂಪಾಯಿಯ ನಷ್ಟ. ಆಗ ಅಲ್ಲೇ ಕೂತಿರಿ.

ಇಲ್ಲಿ ಹೆಚ್ಚಿನವರು ತಪ್ಪುವುದು ಎಲ್ಲಿ ಗೊತ್ತೇ? ಸಾಗಾಟ ಮತ್ತು ದುರಸ್ತಿಯ ಖರ್ಚನ್ನು "ಈಗ ಬಿಟ್ಟರೆ" ಎಂಬ ಕಡೆ ಮಾತ್ರ ಹಾಕುತ್ತಾರೆ. ಆ ಖರ್ಚು ಏಳು ತಿಂಗಳ ನಂತರವೂ ತಪ್ಪುವುದಿಲ್ಲ. ಒಂದೇ ಕಡೆ ಹಾಕಿದರೆ, ಮೂರು ತಿಂಗಳ ಪರಿಹಾರ ಕೊಟ್ಟು ಹೊರಡುವುದಕ್ಕಿಂತ ಕೂತಿರುವುದೇ ಲಾಭ ಎಂಬ ಸುಳ್ಳು ಉತ್ತರ ಬರುತ್ತದೆ.

ಹಂತ 3: ಹೊಸ ಜಾಗ ನೋಡುವ ಮೊದಲು ಹಳೆ ಮಾಲಕರ ಹತ್ತಿರ ಹೋಗಿ

ನೇರವಾಗಿ ಹೋಗಿ ಕೂತು ಮಾತಾಡಿ. ನೋಟಿಸು ಆಮೇಲೆ. ನಮ್ಮ ಊರುಗಳಲ್ಲಿ ಕಟ್ಟಡದ ಮಾಲಕರು ಬಹುತೇಕ ಒಬ್ಬ ವ್ಯಕ್ತಿ ಅಥವಾ ಒಂದು ಕುಟುಂಬ. ಮೊದಲ ಸುದ್ದಿ ವಕೀಲರ ಪತ್ರದಿಂದ ಬಂದರೆ ಮನಸ್ಸು ಮುರಿಯುತ್ತದೆ, ನಂತರ ಡಿಪಾಸಿಟ್ಟಿನ ಪ್ರತಿ ರೂಪಾಯಿಗೂ ಜಗ್ಗಾಟ ನಡೆಯುತ್ತದೆ. "ಕಂಪನಿ ಚಿಕ್ಕದಾಗಿದೆ, ನಿಮಗೆ ಬಾಡಿಗೆ ಬಾಕಿ ಇಡುವ ಸ್ಥಿತಿ ಬರುವ ಮೊದಲೇ ದಾರಿ ಹುಡುಕೋಣ ಎಂದು ಬಂದೆ" ಎಂದು ಹೇಳಿದರೆ ಕೇಳುವವರು ಹೆಚ್ಚು.

ಅವರ ಮುಂದೆ ಮೂರು ಪ್ರಸ್ತಾಪ ಇಡಬಹುದು. ಅರ್ಧ ಜಾಗ ವಾಪಸು ಕೊಟ್ಟು ಅರ್ಧದಲ್ಲಿ ಮುಂದುವರಿಯುವುದು ಒಂದು. ಮಹಡಿಗೆ ಎರಡು ಬಾಗಿಲು, ಎರಡು ಶೌಚಾಲಯ ಇದ್ದರೆ ಇದೇ ಎಲ್ಲಕ್ಕಿಂತ ಅಗ್ಗ, ಸಾಗಾಟವೇ ಇಲ್ಲ. ಎರಡನೆಯದು, ಅವರ ಒಪ್ಪಿಗೆ ಪಡೆದು ಖಾಲಿ ಭಾಗವನ್ನು ನೀವೇ ಇನ್ನೊಂದು ಸಣ್ಣ ಕಂಪನಿಗೆ ಸಬ್‌ಲೀಸ್ ಕೊಡುವುದು. ಒಪ್ಪಿಗೆ ಬರವಣಿಗೆಯಲ್ಲಿರಲಿ. ಒಳಗೆ ಬಂದವರು ಬಾಡಿಗೆ ಕೊಡದಿದ್ದರೂ ಮಾಲಕರಿಗೆ ಪೂರ್ತಿ ಬಾಡಿಗೆ ಕೊಡಬೇಕಾದವರು ನೀವೇ ಎಂಬುದೂ ನೆನಪಿರಲಿ. ಮೂರನೆಯದು, ಪರಿಹಾರ ಕೊಟ್ಟು ಪೂರ್ತಿ ಬಿಡುವುದು.

ಮೂರನೆಯದಕ್ಕೆ ಒಪ್ಪಿದರೆ ಅಂದೇ ಒಂದು ಪುಟದ ಪತ್ರ ಮಾಡಿ. ಜಾಗ ಇಂಥ ದಿನ ಒಪ್ಪಿಸಲಾಗಿದೆ, ಲಾಕ್-ಇನ್ ಬಾಡಿಗೆಯ ಬಾಬ್ತು ಇಷ್ಟು ಮೊತ್ತ ಪೂರ್ಣ ಮತ್ತು ಅಂತಿಮ, ಡಿಪಾಸಿಟ್ಟಿನಲ್ಲಿ ಇಷ್ಟು ಹಿಡಿದು ಇಷ್ಟು ಇಂಥ ತಾರೀಕಿಗೆ ಮರಳಿಸುವುದು, ಇಬ್ಬರ ಸಹಿ. ಡಿಪಾಸಿಟ್ಟನ್ನು ಕೊನೆಯ ತಿಂಗಳುಗಳ ಬಾಡಿಗೆಗೆ ಹೊಂದಿಸಿಕೊಳ್ಳುವುದು ವಾಪಸಿಗೆ ಕಾಯುವುದಕ್ಕಿಂತ ಸುರಕ್ಷಿತ, ಆದರೆ ಮಾಲಕರ ಲಿಖಿತ ಒಪ್ಪಿಗೆಯಿಲ್ಲದೆ ನೀವಾಗಿ ಬಾಡಿಗೆ ನಿಲ್ಲಿಸಬೇಡಿ.

ಜಾಗ ಉಳಿಸಿಕೊಂಡಿರೋ, ಹೆಸ್ಕಾಂ ಬಿಲ್ಲನ್ನೂ ನೋಡಿ. ವಾಣಿಜ್ಯ ಮೀಟರಿಗೆ ಮಂಜೂರಾದ ಲೋಡಿನ ಮೇಲೆ ಪ್ರತಿ ತಿಂಗಳು ನಿಗದಿತ ಶುಲ್ಕ ಬೀಳುತ್ತದೆ, ಕರೆಂಟು ಸುಟ್ಟರೂ ಸುಡದಿದ್ದರೂ. ನಾಲ್ಕು ಎ.ಸಿ. ಇದ್ದ ಕಾಲದ ಲೋಡು ಈಗ ಬೇಡವಾದರೆ ಇಳಿಸಲು ಅರ್ಜಿ ಹಾಕಬಹುದು. ಮೀಟರು ಮಾಲಕರ ಹೆಸರಿನಲ್ಲಿದ್ದರೆ ಅವರ ಸಹಿ ಬೇಕು.

ಹಂತ 4: ಇಲ್ಲಿ ಜಾಗ ಎಲ್ಲಿರುತ್ತದೆ

ಬೆಂಗಳೂರಿನ ಅಭ್ಯಾಸದಂತೆ ಮೊಬೈಲಿನಲ್ಲಿ ಹುಡುಕಿ "ಏನೂ ಇಲ್ಲ" ಎಂದು ಕೈಬಿಡಬೇಡಿ. ನಮ್ಮಲ್ಲಿ ಖಾಲಿ ಜಾಗದ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತದೆ. ಲೆಕ್ಕಪರಿಶೋಧಕರು, ಝೆರಾಕ್ಸ್ ಅಂಗಡಿಯವರು, ಇಂಟರ್ನೆಟ್ಟು ಹಾಕುವ ಹುಡುಗರು, ಇವರಿಗೆ ಯಾವ ಮಹಡಿ ಯಾವಾಗ ಖಾಲಿಯಾಯಿತೆಂದು ದಲ್ಲಾಳಿಗಿಂತ ಮೊದಲೇ ಗೊತ್ತಿರುತ್ತದೆ.

ಸಹಕಾರಿ ಸಂಘಗಳ ಮತ್ತು ಸೊಸೈಟಿಗಳ ಸ್ವಂತ ಕಟ್ಟಡಗಳ ಮೇಲಿನ ಮಹಡಿಯನ್ನು ಮೊದಲು ವಿಚಾರಿಸಿ. ಲೆಕ್ಕ, ರಸೀದಿ ಅಚ್ಚುಕಟ್ಟು, ಜನರೇಟರು ಇರುವ ಸಂಭವ ಹೆಚ್ಚು. ಆದರೆ ಆಡಳಿತ ಮಂಡಳಿಯ ಸಭೆಯಲ್ಲಿ ಠರಾವಾಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಹಾಗಾಗಿ ಕೊನೆ ಗಳಿಗೆಗೆ ಇದು ಆಗದು. ಶಿರಸಿಯಲ್ಲಿ ಅಡಿಕೆ ವಖಾರಿಗಳ ಮೇಲಿನ ಮಹಡಿಗಳೂ ಬಾಡಿಗೆಗೆ ಬರುತ್ತವೆ. ಪೇಟೆಯ ನಡುವೆ ಇರುತ್ತವೆ, ಬಾಡಿಗೆ ಸಹ್ಯ. ಅಡಿಕೆ ಸುಗ್ಗಿಯ ತಿಂಗಳುಗಳಲ್ಲಿ ಕೆಳಗೆ ಲಾರಿ, ದೂಳು, ಸದ್ದು ಇರುತ್ತದೆ, ಫೋನಿನಲ್ಲಿ ಗ್ರಾಹಕರ ಜೊತೆ ಮಾತಾಡುವ ಕೆಲಸದವರಿಗೆ ಅದು ಆಗಿಬರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಪೇಟೆಯ ರಸ್ತೆಗಳು ವಾಹನಕ್ಕೆ ಬಂದ್ ಆಗುವುದನ್ನೂ ಗಮನದಲ್ಲಿಟ್ಟು ಜಾಗ ಆರಿಸಿ.

ಕಾರವಾರದಲ್ಲಿ ಪೇಟೆಯ ಒಳಗಿನ ಹಳೆ ಮನೆಗಳ ಮುಂಭಾಗ, ಕಾಜುಬಾಗ, ಹಬ್ಬುವಾಡದ ಕಡೆಯ ಮನೆಗಳ ಮೇಲ್ಮಹಡಿ ಸಣ್ಣ ತಂಡಕ್ಕೆ ಹೊಂದುತ್ತವೆ. ವಾಸದ ಮನೆಯ ಮೀಟರು ಗೃಹಬಳಕೆಯ ದರದ್ದಾಗಿರುತ್ತದೆ. ಆಫೀಸು ನಡೆಸಿದರೆ ಅದನ್ನು ವಾಣಿಜ್ಯ ದರಕ್ಕೆ ಬದಲಿಸಬೇಕು. ಬದಲಿಸದೆ ತಪಾಸಣೆಯಲ್ಲಿ ಸಿಕ್ಕಿದರೆ ದಂಡ ಮಾಲಕರ ಹೆಸರಿಗೆ, ಜಗಳ ನಿಮ್ಮ ಜೊತೆಗೆ.

ಗೋಕರ್ಣ, ಮುರ್ಡೇಶ್ವರ ಕಡೆ ಮಳೆಗಾಲದಲ್ಲಿ ಪ್ರವಾಸಿಗರು ಕಡಿಮೆ, ಹೋಂಸ್ಟೇ ಕೋಣೆಗಳು ಖಾಲಿ. ಜೂನಿನಿಂದ ಸೆಪ್ಟೆಂಬರ್ ವರೆಗೆ ಮಾತ್ರ ಜಾಗ ಬೇಕಾದವರಿಗೆ ಇದು ನಿಜಕ್ಕೂ ಒಳ್ಳೆಯ ದಾರಿ, ಮಾಲಕರಿಗೂ ಆದಾಯ. ಆದರೆ ದಸರೆಯ ಹೊತ್ತಿಗೆ ಅವರಿಗೆ ಕೋಣೆ ವಾಪಸು ಬೇಕೇ ಬೇಕು. "ಇನ್ನೊಂದು ತಿಂಗಳು" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ನಗರಸಭೆ, ಪುರಸಭೆಯ ಮಳಿಗೆಗಳ ವಿಷಯದಲ್ಲಿ ಎಚ್ಚರ. ಹರಾಜಿನಲ್ಲಿ ಮಳಿಗೆ ಹಿಡಿದವರು ಒಬ್ಬರು, ಒಳಗೆ ವ್ಯಾಪಾರ ಮಾಡುವವರು ಇನ್ನೊಬ್ಬರು ಆಗಿರುವುದುಂಟು. ಅಂಥ ಜಾಗದಲ್ಲಿ ನೀವು ಕೂತರೆ ನಿಮ್ಮ ಹೆಸರಿನಲ್ಲಿ ಯಾವ ಹಕ್ಕೂ ಇರುವುದಿಲ್ಲ, ಜಿಎಸ್‌ಟಿಗೆ ಕೊಡಲು ಸರಿಯಾದ ಕಾಗದವೂ ಸಿಗದು. ದೇವಸ್ಥಾನದ ಕಟ್ಟಡಗಳಲ್ಲೂ ಇದೇ ಪರಿಶೀಲನೆ ಬೇಕು. ಬಾಡಿಗೆ ಯಾರ ಕೈಗೆ ಕೊಡುತ್ತೀರೋ ಅವರ ಹೆಸರೇ ಉತಾರದಲ್ಲಿ, ಆಸ್ತಿ ತೆರಿಗೆ ರಸೀದಿಯಲ್ಲಿ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಬಾಡಿಗೆ ಕೊಡುವ ಅಧಿಕಾರ ಅವರಿಗೆ ಹೇಗೆ ಬಂತೆಂಬುದಕ್ಕೆ ಕಾಗದ ಕೇಳಿ.

ತಿಂಗಳಿಗೆರಡು ದಿನ ಮಾತ್ರ ಎಲ್ಲರೂ ಸೇರಬೇಕಾದ ತಂಡಗಳಿಗೆ ಆಫೀಸೇ ಬೇಡದಿರಬಹುದು. ಇಬ್ಬರಿಗೆ ಒಂದು ಸಣ್ಣ ಕೋಣೆ, ಸಭೆಗೆ ಹೋಟೆಲಿನ ಹಾಲು ಎಂದು ಮಾಡಿಕೊಂಡರೆ ಖರ್ಚು ಬಹಳ ಇಳಿಯುತ್ತದೆ.

ಹಂತ 5: ಕಟ್ಟಡವನ್ನು ಮಳೆಯ ಕಣ್ಣಿನಿಂದ ನೋಡಿ

ಬೇಸಿಗೆಯಲ್ಲಿ ನೋಡಿದ ಕಟ್ಟಡಕ್ಕೂ ಜುಲೈಯಲ್ಲಿ ಅದು ಇರುವ ರೀತಿಗೂ ಸಂಬಂಧವೇ ಇರುವುದಿಲ್ಲ. ಗೋಡೆಯ ಬುಡದಲ್ಲಿ, ಕಿಟಕಿಯ ಮೂಲೆಯಲ್ಲಿ ಹೊಸ ಬಣ್ಣ ಮಾತ್ರ ಕಂಡರೆ ಕಾರಣ ಕೇಳಿ. ತಾರಸಿಗೆ ಹತ್ತಿ ನೋಡಿ. ನೆಲಮಹಡಿಯಾದರೆ ರಸ್ತೆಯ ನೀರು ಎಲ್ಲಿಯವರೆಗೆ ಬರುತ್ತದೆಂದು ಪಕ್ಕದ ಅಂಗಡಿಯವರನ್ನು ಕೇಳಿ; ಅವರು ನಿಜ ಹೇಳುತ್ತಾರೆ.

ಕರಾವಳಿಯ ಉಪ್ಪುಗಾಳಿ ಎ.ಸಿ.ಯ ಹೊರಘಟಕ, ಯುಪಿಎಸ್ ಬ್ಯಾಟರಿಯ ಟರ್ಮಿನಲ್ಲು, ನೆಟ್‌ವರ್ಕ್ ಸ್ವಿಚ್ಚು ಎಲ್ಲವನ್ನೂ ತುಕ್ಕು ಹಿಡಿಸುತ್ತದೆ. ಮಾಲಕರು ಕೊಡುವ ಸಾಮಾನಾದರೆ ದುರಸ್ತಿ ಯಾರದ್ದೆಂದು ಮೊದಲೇ ಬರೆಸಿ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ ಕಡೆ ಉಪ್ಪಿಲ್ಲ, ಥಂಡಿ ಇದೆ: ಕಾಗದದ ಫೈಲುಗಳಿಗೆ ಬೂಸು ಹಿಡಿಯುತ್ತದೆ. ಫೈಲಿನ ಕೋಣೆ ಹೊರಗೋಡೆಗೆ ತಾಗಿರಬಾರದು.

ಕರೆಂಟು ಮತ್ತು ಇಂಟರ್ನೆಟ್ಟು ಎರಡಕ್ಕೂ ಒಂದೇ ಪ್ರಶ್ನೆ: ಹೋದರೆ ಏನು ವ್ಯವಸ್ಥೆ? ಮರ ಬಿದ್ದು ಅರ್ಧ ದಿನ ಕರೆಂಟಿಲ್ಲದಿರುವುದು ನಮಗೆ ಹೊಸತಲ್ಲ. ಬ್ಯಾಟರಿ ಎಷ್ಟು ಗಂಟೆ ಬರುತ್ತದೆಂದು ಕೇಳುವುದರ ಬದಲು ಮೇನ್ ಸ್ವಿಚ್ಚು ಆರಿಸಿ, ಕಂಪ್ಯೂಟರುಗಳನ್ನು ಹಚ್ಚಿಟ್ಟು ನೋಡಿ. ಇಂಟರ್ನೆಟ್ಟಿಗೆ ಎರಡು ಕಂಪನಿಗಳ ಸಂಪರ್ಕ ಸಾಲದು. ಎರಡೂ ಕೇಬಲ್ಲು ಒಂದೇ ಕಂಬದ ಮೇಲೆ ಬಂದಿದ್ದರೆ ಒಂದೇ ಕೊಂಬೆಗೆ ಎರಡೂ ಹೋಗುತ್ತವೆ. ಒಂದು ಕೇಬಲ್ಲು, ಇನ್ನೊಂದು ಮೊಬೈಲ್ ಸಿಗ್ನಲ್ಲಿನಿಂದ ಎಂದು ಮಾಡಿಕೊಳ್ಳಿ. ಸಿಗ್ನಲ್ಲು ನೋಡುವಾಗ ನೀವು ಕೂರುವ ಕೋಣೆಯಲ್ಲೇ ನಿಂತು ನೋಡಿ, ಬಾಲ್ಕನಿಯಲ್ಲಲ್ಲ.

ದಾರಿಯ ವಿಷಯವೂ ಇದರೊಳಗೇ ಬರುತ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು 66ನೇ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಮುಚ್ಚಿತು; ಅಂಕೋಲಾ ಮತ್ತು ಕುಮಟಾದ ನಡುವೆ ದಿನಾ ಓಡಾಡುವವರು ಅಲ್ಲಲ್ಲೇ ಉಳಿದರು. ಅದೇ ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ತಂಡದ ಅರ್ಧದಷ್ಟು ಜನ ಇಂಥ ಒಂದೇ ದಾರಿಯನ್ನು ನಂಬಿದ್ದರೆ, ಮಳೆಗಾಲಕ್ಕೆ ಆ ಕಡೆಯೂ ಎರಡು ಮೂರು ಮೇಜು ಇಟ್ಟುಕೊಳ್ಳುವ ಬಗ್ಗೆ ಯೋಚಿಸಿ. ಅಲ್ಪಾವಧಿಯ ಜಾಗದಿಂದ ಆಗುವ ದೊಡ್ಡ ಪ್ರಯೋಜನ ಇದು.

ಹಂತ 6: ಹೊಸ ಕರಾರು

ಎರಡು ಬಗೆಯ ಕಾಗದ ನಿಮ್ಮ ಮುಂದೆ ಬರಬಹುದು. ಲೀಸ್ ಎಂದರೆ ಜಾಗದ ಸ್ವಾಧೀನ ನಿಮಗೆ ಬರುತ್ತದೆ. ಆ ಅವಧಿಗೆ ಅದರಲ್ಲಿ ನಿಮಗೊಂದು ಹಕ್ಕು ಇರುತ್ತದೆ. ಲೀವ್ ಅಂಡ್ ಲೈಸೆನ್ಸ್ ಎಂದರೆ ಬಳಸಲು ಅನುಮತಿ ಮಾತ್ರ, ಹಕ್ಕು ಮಾಲಕರಲ್ಲೇ ಇರುತ್ತದೆ. ಇದರ ವ್ಯಾಖ್ಯೆ 1882ರ ಈಸ್‌ಮೆಂಟ್ ಕಾಯ್ದೆಯ 52ನೇ ಕಲಮಿನಲ್ಲಿದೆ. ಕೋವರ್ಕಿಂಗ್ ಜಾಗದವರು ಕೊಡುವುದು ಬಹುತೇಕ ಎರಡನೆಯ ಬಗೆ. ತಲೆಬರಹ ಏನೇ ಇರಲಿ, ಒಳಗಿನ ಷರತ್ತು ಮತ್ತು ನಿಜವಾದ ಸ್ವಾಧೀನ ನೋಡಿ ನ್ಯಾಯಾಲಯ ತೀರ್ಮಾನಿಸುತ್ತದೆ. ಸುಪ್ರೀಂ ಕೋರ್ಟು 1959ರಲ್ಲೇ ಇದನ್ನು ಹೇಳಿದೆ.

ಹನ್ನೊಂದು ತಿಂಗಳ ಕರಾರು ಏಕೆ ಇಷ್ಟು ರೂಢಿಯಲ್ಲಿದೆ ಎಂದು ಹಲವರು ಕೇಳಿದ್ದಾರೆ. ಒಂದು ವರ್ಷ ಮೀರಿದ ಲೀಸನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು; ಅದನ್ನು ತಪ್ಪಿಸಲು ಹನ್ನೊಂದು. ನೋಂದಣಿ ಬೇಡವೆಂದ ಮಾತ್ರಕ್ಕೆ ಸ್ಟಾಂಪು ಶುಲ್ಕ ಬೇಡವೆಂದಲ್ಲ. ಸರಿಯಾದ ಸ್ಟಾಂಪಿಲ್ಲದ ಪತ್ರ ತಕರಾರು ಬಂದಾಗ ಪುರಾವೆಯಾಗಿ ನಿಲ್ಲುವುದಿಲ್ಲ. ನಿಲ್ಲಿಸಬೇಕೆಂದರೆ ಕೊರತೆಯ ಹತ್ತು ಪಟ್ಟು ದಂಡ ಕಟ್ಟಬೇಕಾದೀತು.

ನಿಮ್ಮ ಕರಾರಿನಲ್ಲಿ ಇರಲೇಬೇಕಾದ ಸಾಲುಗಳು ಇವು, ಇದೇ ಕ್ರಮದಲ್ಲಿ ಜಗ್ಗಾಡಿ:

1. ಬಾಡಿಗೆದಾರ ಯಾವಾಗ ಬೇಕಾದರೂ 30 ದಿನಗಳ ಲಿಖಿತ ನೋಟಿಸು ಕೊಟ್ಟು ಬಿಡಬಹುದು. ಲಾಕ್-ಇನ್ ಇಲ್ಲ, ಇದ್ದೇ ತೀರಬೇಕೆಂದರೆ ಮೂರು ತಿಂಗಳಿಗಿಂತ ಹೆಚ್ಚಿಲ್ಲ.
2. ಮಾಲಕರು ಬಿಡಿಸಬೇಕೆಂದರೆ 60 ದಿನ. ಎರಡೂ ಕಡೆ ಒಂದೇ ಅವಧಿ ಇರಬೇಕಿಲ್ಲ, ಕೇಳಿದರೆ ಕೊಡುತ್ತಾರೆ.
3. ಕುರ್ಚಿ ಅಥವಾ ಕೋಣೆ ಹೆಚ್ಚು ಕಡಿಮೆ ಮಾಡುವ ಅವಕಾಶ, ಪ್ರತಿ ತಿಂಗಳ ಮೊದಲ ವಾರ ತಿಳಿಸಿ.
4. ಡಿಪಾಸಿಟ್ಟು ಮರಳಿಸುವ ತಾರೀಕು, ತಡವಾದರೆ ಬಡ್ಡಿ.
5. ಒಳಬರುವ ದಿನದ ಫೋಟೋಗಳು ಕರಾರಿನ ಅಂಗವೆಂದು ಒಂದು ಸಾಲು.
6. ಈ ವಿಳಾಸವನ್ನು ಜಿಎಸ್‌ಟಿ, ಬ್ಯಾಂಕು, ಕಂಪನಿ ನೋಂದಣಿಗೆ ಬಳಸಲು ಮಾಲಕರ ಒಪ್ಪಿಗೆ.

ಮೊದಲ ಸಾಲಿಗಾಗಿ ಬಾಡಿಗೆ ಸ್ವಲ್ಪ ಹೆಚ್ಚು ಕೇಳಿದರೆ ಕೊಡಿ. ಕುಗ್ಗುತ್ತಿರುವ ಕಂಪನಿಗೆ ಆರು ತಿಂಗಳ ಮುಂದಿನ ಚಿತ್ರ ಕಾಣುವುದಿಲ್ಲ. ತಿಂಗಳಿಗೆ ಸಾವಿರ ಉಳಿಸಲು ಹೋಗಿ ಮತ್ತೆ ಲಾಕ್-ಇನ್‌ನಲ್ಲಿ ಸಿಕ್ಕಿಕೊಂಡರೆ ಇಷ್ಟು ದಿನದ ಓಡಾಟವೆಲ್ಲ ವ್ಯರ್ಥ. ಡಿಪಾಸಿಟ್ಟು ಕಡಿಮೆ ಮಾಡಿಸಲು ಮೂರು ತಿಂಗಳ ಬಾಡಿಗೆ ಮುಂಗಡ ಕೊಡುತ್ತೇನೆ ಎಂಬ ಮಾತು ನಮ್ಮ ಕಡೆ ಕೆಲಸ ಮಾಡುತ್ತದೆ.

ಚದರಡಿ ಲೆಕ್ಕದ ಬಾಡಿಗೆಯಾದರೆ ಕಾರ್ಪೆಟ್ ಏರಿಯಾ, ಅಂದರೆ ಗೋಡೆಯೊಳಗೆ ನಿಜಕ್ಕೂ ಕಾಲಿಡಬಹುದಾದ ನೆಲ, ಎಷ್ಟೆಂದು ಟೇಪು ಹಿಡಿದು ಅಳೆಯಿರಿ. ಸೂಪರ್ ಬಿಲ್ಟ್-ಅಪ್ ಎಂಬುದರಲ್ಲಿ ಮೆಟ್ಟಿಲು, ಮೊಗಸಾಲೆಯ ಪಾಲೂ ಸೇರಿರುತ್ತದೆ.

ಹಂತ 7: ತೆರಿಗೆ

ವಾಣಿಜ್ಯ ಬಾಡಿಗೆಗೆ ಜಿಎಸ್‌ಟಿ ಶೇ. 18. ನಮ್ಮ ಜಿಲ್ಲೆಯ ಬಹುಪಾಲು ಕಟ್ಟಡ ಮಾಲಕರಿಗೆ ಜಿಎಸ್‌ಟಿ ನೋಂದಣಿಯೇ ಇಲ್ಲ, "ಹಾಗಾದರೆ ತೆರಿಗೆಯಿಲ್ಲ" ಎಂದು ಹಲವರು ತಿಳಿದಿದ್ದಾರೆ. 2024ರ ಅಕ್ಟೋಬರ್ 10ರಿಂದ ಹಾಗಿಲ್ಲ. ಮಾಲಕರು ನೋಂದಾಯಿಸಿಲ್ಲದೆ, ನೀವು ನೋಂದಾಯಿಸಿದ್ದರೆ ರಿವರ್ಸ್ ಚಾರ್ಜ್ ಪ್ರಕಾರ ಆ ತೆರಿಗೆಯನ್ನು ನೀವೇ ನೇರ ಸರ್ಕಾರಕ್ಕೆ ನಗದಾಗಿ ಕಟ್ಟಬೇಕು. ಕಾಂಪೋಸಿಷನ್ ಯೋಜನೆಯಲ್ಲಿರುವವರನ್ನು (ಒಟ್ಟು ವಹಿವಾಟಿನ ಮೇಲೆ ಸರಳ ದರದಲ್ಲಿ ಜಿಎಸ್‌ಟಿ ಕಟ್ಟುವ ಸಣ್ಣ ವ್ಯಾಪಾರಿಗಳನ್ನು) 2025ರ ಜನವರಿ 16ರಿಂದ ಇದರಿಂದ ಕೈಬಿಡಲಾಗಿದೆ. ನಿಮ್ಮದು ತೆರಿಗೆ ಬೀಳುವ ವ್ಯವಹಾರವಾದರೆ ಕಟ್ಟಿದ್ದು ಇನ್‌ಪುಟ್ ಕ್ರೆಡಿಟ್ ಆಗಿ ಮರಳುತ್ತದೆ, ಅಂದರೆ ನೀವು ಕಟ್ಟಬೇಕಾದ ಬೇರೆ ಜಿಎಸ್‌ಟಿಯಲ್ಲಿ ಅದನ್ನು ಕಳೆಯಬಹುದು. ಆದರೂ ಆ ತಿಂಗಳು ಕೈಯಲ್ಲಿ ನಗದು ಇರಬೇಕು.

ಕಂಪನಿ ಒಬ್ಬರಿಗೆ ಕೊಡುವ ಕಟ್ಟಡ ಬಾಡಿಗೆ ತಿಂಗಳಿಗೆ 50,000 ದಾಟಿದರೆ ಶೇ. 10 ಟಿಡಿಎಸ್ (ಹಣ ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಕಡಿಯಬೇಕು. ಕುರ್ಚಿ ಲೆಕ್ಕದ ಶುಲ್ಕಕ್ಕೆ ಯಾವ ಬಾಬ್ತಿನಲ್ಲಿ ಕಡಿಯುವುದೆಂದು ಮೊದಲ ಬಿಲ್ಲು ಬರುವ ಮುಂಚೆಯೇ ಲೆಕ್ಕಪರಿಶೋಧಕರ ಜೊತೆ ತೀರ್ಮಾನಿಸಿ.

ಹಂತ 8: ವಿಳಾಸ ಬದಲಾವಣೆ

ಮರೆತರೆ ದಂಡ ತರುವ ಕೆಲಸ ಇದು. ಜಿಎಸ್‌ಟಿ ಪೋರ್ಟಲಿನಲ್ಲಿ ಬದಲಾವಣೆ 15 ದಿನಗಳೊಳಗೆ. ಅದಕ್ಕೆ ಕರಾರಿನ ಪ್ರತಿ, ಕರೆಂಟು ಬಿಲ್ಲು, ಮಾಲಕರ ಒಪ್ಪಿಗೆ ಪತ್ರ ಬೇಕು. ಅಧಿಕಾರಿಗಳು ಬಂದು ನೋಡಬಹುದು, ಆಗ ಬೋರ್ಡು ಇರಬೇಕು, ಯಾರಾದರೂ ಕೂತಿರಬೇಕು. ಪ್ರೈವೇಟ್ ಲಿಮಿಟೆಡ್ ಕಂಪನಿಯ ನೋಂದಾಯಿತ ಕಚೇರಿಯೇ, ಅಂದರೆ ಸರ್ಕಾರದ ದಾಖಲೆಯಲ್ಲಿರುವ ಕಂಪನಿಯ ಅಧಿಕೃತ ವಿಳಾಸವೇ, ಬದಲಾದರೆ 30 ದಿನಗಳೊಳಗೆ ಕಂಪನಿ ರಿಜಿಸ್ಟ್ರಾರರಿಗೆ ಐಎನ್‌ಸಿ-22 ನಮೂನೆ ಸಲ್ಲಿಸಬೇಕು. ಒಂದೇ ಊರೊಳಗೆ ಬದಲಾದರೆ ಆಡಳಿತ ಮಂಡಳಿಯ ಠರಾವು ಸಾಕು. ಕಾರವಾರದಿಂದ ಶಿರಸಿಗೆ ಹೋದಂತೆ ಊರು ದಾಟಿದರೆ ಷೇರುದಾರರ ವಿಶೇಷ ಠರಾವು ಬೇಕು.

ನನ್ನ ಸಲಹೆ: ಆರು ತಿಂಗಳಿಗೊಮ್ಮೆ ಬದಲಾಗಬಹುದಾದ ಜಾಗವನ್ನು ನೋಂದಾಯಿತ ಕಚೇರಿ ಮಾಡಲೇಬೇಡಿ. ನಿರ್ದೇಶಕರೊಬ್ಬರ ಸ್ವಂತ ಮನೆಯನ್ನೋ ಸ್ಥಿರವಾದ ಬೇರೆ ವಿಳಾಸವನ್ನೋ ಅದಕ್ಕಿಟ್ಟು, ಅಲ್ಪಾವಧಿಯ ಜಾಗವನ್ನು ಜಿಎಸ್‌ಟಿಯಲ್ಲಿ ಹೆಚ್ಚುವರಿ ವ್ಯವಹಾರ ಸ್ಥಳವೆಂದು ಸೇರಿಸಿ. ನೋಂದಾಯಿತ ವಿಳಾಸದಲ್ಲಿ ಬೋರ್ಡು, ಟಪಾಲು ಪಡೆಯುವ ವ್ಯವಸ್ಥೆ ಇರಬೇಕು. ರಿಜಿಸ್ಟ್ರಾರು ಬಂದು ಪರಿಶೀಲಿಸುವ ಅಧಿಕಾರ ಕಂಪನಿ ಕಾಯ್ದೆಯಲ್ಲಿದೆ. ಹೊಸ ಬೋರ್ಡು ಬರೆಸುವಾಗ ಶೇ. 60 ಭಾಗ ಕನ್ನಡ, ಅದೂ ಮೇಲ್ಭಾಗದಲ್ಲಿ.

ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ, ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿ, ಉದ್ಯಮ್ (ಸಣ್ಣ ಉದ್ದಿಮೆಗಳ ನೋಂದಣಿ), ಪಿ.ಎಫ್., ಬ್ಯಾಂಕು, ಇವನ್ನೂ ಬದಲಿಸಿ. ಎಲ್ಲರೂ ಮರೆಯುವುದು ಬೆಂಕಿ ವಿಮೆ. ಪಾಲಿಸಿಯಲ್ಲಿ ಬರೆದ ವಿಳಾಸದಲ್ಲಿರುವ ಸಾಮಾನಿಗೆ ಮಾತ್ರ ರಕ್ಷಣೆ. ಸಾಗಿಸುವ ಮೊದಲೇ ವಿಮಾ ಕಂಪನಿಗೆ ಬರೆದು ತಿದ್ದುಪಡಿ ಪಡೆಯಿರಿ.

ಸಿಬ್ಬಂದಿಯ ಸಂಖ್ಯೆ ಹತ್ತಕ್ಕಿಂತ ಕೆಳಗೆ ಇಳಿದಿದ್ದರೆ ಇನ್ನೊಂದು ವಿಷಯ. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಡಿ ಆಂತರಿಕ ಸಮಿತಿ ಕಡ್ಡಾಯವಾಗಿರುವುದು ಹತ್ತು ಮತ್ತು ಹೆಚ್ಚು ಜನರಿರುವಲ್ಲಿ. ಅದಕ್ಕಿಂತ ಕಡಿಮೆಯಾದಾಗ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಬೇರೆ ಕಂಪನಿಗಳವರ ಜೊತೆ ಒಂದೇ ಹಾಲಿನಲ್ಲಿ ಕೂರಲಿರುವ ನಿಮ್ಮ ಮಹಿಳಾ ಸಿಬ್ಬಂದಿಗೆ ಎಲ್ಲಿ ಹೋಗಿ ಹೇಳಬೇಕೆಂಬುದನ್ನು ಬರವಣಿಗೆಯಲ್ಲೇ ತಿಳಿಸಿ.

ಹಂತ 9: ಸಾಗಾಟ

ಸಾಧ್ಯವಾದರೆ ಮೇ ಮುಗಿಯುವುದರೊಳಗೆ, ಇಲ್ಲವೇ ಅಕ್ಟೋಬರಿನಲ್ಲಿ ಸಾಗಿಸಿ. ಮಳೆಯಲ್ಲಿ ಸಾಗಿಸಲೇಬೇಕಾದರೆ ತಾಡಪಾಲು ಹಾಕಿದ ತೆರೆದ ಗಾಡಿ ಬೇಡ, ಮುಚ್ಚಿದ ಗಾಡಿಯನ್ನೇ ಮಾಡಿ.

ನಲವತ್ತು ಜನರ ಸಾಮಾನನ್ನು ಹದಿಮೂರು ಜನರ ಜಾಗಕ್ಕೆ ತುಂಬಬೇಡಿ. ಹೆಚ್ಚಿನ ಮೇಜು ಕುರ್ಚಿಗಳನ್ನು ಹಳೆ ಮಾಲಕರಿಗೇ ಬೆಲೆ ಕಟ್ಟಿ ಕೊಟ್ಟರೆ ಪರಿಹಾರದ ಮೊತ್ತದಲ್ಲಿ ಕಳೆಯಬಹುದು. ಹಳೆ ಕಂಪ್ಯೂಟರು, ಯುಪಿಎಸ್ ಬ್ಯಾಟರಿಗಳನ್ನು ಗುಜರಿಗೆ ಹಾಕದೆ ನೋಂದಾಯಿತ ಮರುಬಳಕೆದಾರರಿಗೆ ಕೊಟ್ಟು ರಸೀದಿ ಪಡೆಯಿರಿ. ಕೊಡುವ ಮುನ್ನ ಹಾರ್ಡ್ ಡಿಸ್ಕಿನ ಮಾಹಿತಿ ಪೂರ್ತಿ ಅಳಿಸಿ. ಗ್ರಾಹಕರ ಆಧಾರ್ ಪ್ರತಿ, ಬ್ಯಾಂಕ್ ವಿವರ ಇರುವ ಡಿಸ್ಕು ಹೊರಗೆ ಹೋದರೆ ಹೊಣೆ ನಿಮ್ಮದು.

ಫೈಲುಗಳನ್ನು ಜಾಗವಿಲ್ಲವೆಂದು ಸುಡಬೇಡಿ. ಕಂಪನಿಯ ಲೆಕ್ಕಪುಸ್ತಕಗಳನ್ನು 8 ಹಣಕಾಸು ವರ್ಷ ಇಡಬೇಕು. ಜಿಎಸ್‌ಟಿ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆ ದಿನದಿಂದ 72 ತಿಂಗಳು. ಹಂಚಿಕೊಂಡ ಹಾಲಿನಲ್ಲಿ ಇವನ್ನು ಇಡಬಾರದು. ಬೀಗವಿರುವ ಒಣ ಕೋಣೆಯೊಂದನ್ನು ಇದಕ್ಕೆಂದೇ ನೋಡಿ.

ಹಂತ 10: ಒಳಬಂದ ಮೊದಲ ವಾರ

ಗೋಡೆ, ನೆಲ, ಸ್ವಿಚ್ಚು, ಶೌಚಾಲಯದ ಫೋಟೋ ತೆಗೆದು ಅಂದೇ ಮಾಲಕರಿಗೆ ವಾಟ್ಸಾಪಿನಲ್ಲೂ ಇಮೇಲಿನಲ್ಲೂ ಕಳಿಸಿ. ಮೀಟರಿನ ರೀಡಿಂಗ್ ಫೋಟೋ ಸಹ ಇರಲಿ. ಹಳೆ ಜಾಗದ ಕರೆಂಟು, ಇಂಟರ್ನೆಟ್ಟು, ನೀರು, ಪತ್ರಿಕೆ ಎಲ್ಲ ನಿಲ್ಲಿಸಿದ್ದಕ್ಕೆ ಒಂದೊಂದು ಸ್ವೀಕೃತಿ ಇದೆಯೇ ನೋಡಿ, ಹಳೆ ಆಫೀಸಿನ ಬ್ರಾಡ್‌ಬ್ಯಾಂಡಿಗೆ ತಿಂಗಳುಗಟ್ಟಲೆ ಹಣ ಕಟ್ಟುತ್ತಿರುವವರು ಇದ್ದಾರೆ. ಅಂಚೆ ಕಚೇರಿಗೆ ಹೋಗಿ ಹೊಸ ವಿಳಾಸದ ಅರ್ಜಿ ಕೊಡಿ. ತೆರಿಗೆ ಇಲಾಖೆಯ ನೋಟಿಸು ಹಳೆ ಬಾಗಿಲಿಗೆ ಹೋಗಿ ಮರಳಿದರೆ ತೊಂದರೆ.

ಕೊನೆಗೆ, ಕರಾರು ಮುಗಿಯುವ ತಾರೀಕಿನಿಂದ 75 ದಿನ ಹಿಂದಕ್ಕೆ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನ ಮತ್ತೆ ಹಂತ 1ರ ಹಾಜರಿ ಲೆಕ್ಕ ತೆಗೆದು, ಮುಂದುವರಿಯುವುದೋ, ಕುರ್ಚಿ ಇಳಿಸುವುದೋ, ಬಿಡುವುದೋ ಎಂದು ತೀರ್ಮಾನಿಸಿ ಮಾಲಕರಿಗೆ ಬರವಣಿಗೆಯಲ್ಲಿ ತಿಳಿಸಿ. ಸುಮ್ಮನಿದ್ದರೆ ತಾನಾಗಿ ಇನ್ನು ಹನ್ನೊಂದು ತಿಂಗಳಿಗೆ ಮುಂದುವರಿಯುತ್ತದೆ ಎಂಬ ಷರತ್ತು ಕರಾರಿನಲ್ಲಿದ್ದರೆ, ಸಹಿ ಹಾಕುವ ಮೊದಲೇ ಅದನ್ನು ಹೊಡೆಸಿಹಾಕಿ.